ಲಿನಕ್ಸ್‌ನಲ್ಲಿ ನೆಟ್ ಬರ್ತಿಲ್ವಾ? ಫಾರ್ಮ್ಯಾಟ್ ಮಾಡೋಕೆ ಮುಂಚೆ ಇದನ್ನು ನೋಡಿ

ಕಳೆದ ಮಳೆಗಾಲದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಅವರ ಮಗ ಉಬುಂಟು ಲಿನಕ್ಸನ್ನು ಎರಡನೇ ಸಲ ಇನ್‌ಸ್ಟಾಲ್ ಮಾಡುತ್ತಾ ಕೂತಿದ್ದ. ಯಾಕಪ್ಪಾ ಅಂದರೆ ನೆಟ್ ಬರ್ತಿಲ್ಲ ಅಂದ. ಸಿಪಿಯು ಹಿಂದೆ ಕೈ ಹಾಕಿ ಲ್ಯಾನ್ ವೈರ್ ಒತ್ತಿ ನೋಡಿದೆ, ಟಕ್ ಅಂತ ಸದ್ದೇ ಬರಲಿಲ್ಲ. ಪಿನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದು ವೈರ್ ಸ್ವಲ್ಪ ಹೊರಗೆ ಸರಿದಿತ್ತು. ಒತ್ತಿ ಹಿಡಿದರೆ ನೆಟ್ ಬರುತ್ತೆ, ಬಿಟ್ಟರೆ ಹೋಗುತ್ತೆ. ಹೊಸ ವೈರ್ ಹಾಕಿದೆವು, ಮುಗಿಯಿತು. ಆದರೆ ಅಷ್ಟರಲ್ಲಿ ಅವನ ಎರಡು ದಿನ ಮತ್ತು ಹಳೇ ಫೋಟೋಗಳು ಸುಮ್ನೆ ಹೋಗಿದ್ದವು.

ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿ ಕಿತ್ತು ಹೊಸದು ಹಾಕಲ್ಲ ಅಲ್ವಾ? ಟ್ಯಾಂಕ್‌ನಲ್ಲಿ ನೀರಿದೆಯಾ ನೋಡ್ತೀವಿ, ಆಮೇಲೆ ವಾಲ್ವ್ ನೋಡ್ತೀವಿ. ಇಲ್ಲೂ ಅಷ್ಟೇ. ನೆಟ್ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮುಟ್ಟಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯದು ಏನಿತ್ತು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹಾಕಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮನೆಯಲ್ಲಿ ಯಾರಿಗೂ ನೆಟ್ ಇಲ್ಲ

ಮೊದಲು ಮೊಬೈಲ್ ತಗೊಳ್ಳಿ. ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಏನಾದರೂ ತೆರೆದು ನೋಡಿ. ಡೇಟಾ ಆಫ್ ಮಾಡೋದನ್ನು ಮರೆತು "ಮೊಬೈಲ್‌ನಲ್ಲಿ ಬರ್ತಿದೆ" ಅನ್ನುವವರೇ ಜಾಸ್ತಿ. ಮೊಬೈಲ್‌ನಲ್ಲೂ ಬರದಿದ್ದರೆ ನಿಮ್ಮ ಲಿನಕ್ಸ್ ತಪ್ಪು ಮಾಡಿಲ್ಲ, ಅದನ್ನು ಬಿಟ್ಟುಬಿಡಿ.

ಫೈಬರ್ ಸಂಪರ್ಕ ಇದ್ದರೆ ಗೋಡೆಯ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಅನ್ನೋ ದೀಪ ಇರುತ್ತದೆ. ಅದು ಕೆಂಪಗೆ ಮಿನುಗುತ್ತಿದ್ದರೆ ಆ ಕಡೆಯಿಂದ ಬೆಳಕು ಬರುತ್ತಿಲ್ಲ ಎಂದರ್ಥ. ನಮ್ಮ ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಮಾಮೂಲು, ಮರದ ಕೊಂಬೆ ಬಿದ್ದು ಎಲ್ಲೋ ಫೈಬರ್ ತುಂಡಾಗಿರುತ್ತದೆ. ಮನೆಯೊಳಗೆ ಫೈಬರ್ ಚೂಪಾಗಿ ಮಡಚಿಕೊಂಡಿದೆಯಾ ನೋಡಿ, ಮಡಚಿದ್ದರೆ ದುಂಡಗೆ ಬಿಡಿ. ಆಮೇಲೂ ಕೆಂಪೇ ಇದ್ದರೆ ಕಂಪ್ಲೇಂಟ್ ಕೊಟ್ಟು ಕಾಯಬೇಕು, ನಾವು ಮಾಡುವಂಥದ್ದು ಏನೂ ಇಲ್ಲ.

ಎಚ್ಚರಿಕೆ: ಫೈಬರ್ ಕಿತ್ತು ಅದರ ತುದಿಯನ್ನು ಕಣ್ಣಿಗೆ ಹಿಡಿದು "ಲೈಟ್ ಬರ್ತಿದೆಯಾ" ಅಂತ ನೋಡಬೇಡಿ. ಅದು ಲೇಸರ್, ಕಣ್ಣಿಗೆ ಕಾಣುವ ಬೆಳಕಲ್ಲ, ಇದ್ದರೂ ಗೊತ್ತಾಗುವುದಿಲ್ಲ. ಮುರಿದ ಗಾಜಿನ ಎಳೆ ಚರ್ಮಕ್ಕೆ ಚುಚ್ಚಿದರೆ ತೆಗೆಯೋದೂ ಕಷ್ಟ. ಇನ್ನು, ಗುಡುಗು ಸಿಡಿಲಿನ ಹೊತ್ತಲ್ಲಿ ವೈರು ಬಿಚ್ಚಿ ಹಾಕುವ ಕೆಲಸವೇ ಬೇಡ. ಮೋಡ ಕಟ್ಟುತ್ತಿರುವಾಗಲೇ ಪ್ಲಗ್ ಮತ್ತು ಲ್ಯಾನ್ ವೈರ್ ಎರಡನ್ನೂ ತೆಗೆದಿಡಿ. ಪ್ಲಗ್ ಮಾತ್ರ ತೆಗೆದು ಲ್ಯಾನ್ ವೈರ್ ಬಿಟ್ಟ ಮನೆಗಳಲ್ಲಿ ಮದರ್‌ಬೋರ್ಡಿನ ಪೋರ್ಟ್ ಸುಟ್ಟಿದ್ದನ್ನು ನೋಡಿದ್ದೇನೆ.

ವೈರ್ ಹಾಕಿದ್ದೀನಿ, ಆದರೂ "ಅನ್‌ಪ್ಲಗ್ಡ್" ಅನ್ನುತ್ತೆ

ಪೋರ್ಟಿನ ಪಕ್ಕದ ಪುಟ್ಟ ದೀಪ ನೋಡಿ. ಉರಿಯದಿದ್ದರೆ ವೈರ್‌ನ ಇನ್ನೊಂದು ತುದಿ ನೋಡಿ. ಆಮೇಲೆ ರೂಟರ್‌ನ ಬೇರೆ ಪೋರ್ಟ್, ಆಮೇಲೆ ಬೇರೆ ವೈರ್. ಈ ಮೂರಕ್ಕೆ ಐದು ನಿಮಿಷ ಸಾಕು, ಒಂದು ರೂಪಾಯಿ ಖರ್ಚಿಲ್ಲ. ಟರ್ಮಿನಲ್‌ನಲ್ಲಿ "ಐಪಿ ಲಿಂಕ್" ಅಂತ ಹೊಡೆದಾಗ "ನೋ-ಕ್ಯಾರಿಯರ್" ಅಂತ ಕಂಡರೆ, ನೆಟ್‌ವರ್ಕ್ ಕಾರ್ಡ್ ಎದ್ದು ಕೂತಿದೆ, ಆದರೆ ವೈರಿನ ಆ ತುದಿಯಲ್ಲಿ ಯಾರೂ ಇಲ್ಲ ಎಂದರ್ಥ.

ದೀಪ ಉರಿಯುತ್ತೆ, ನೆಟ್ಟೂ ಬರುತ್ತೆ, ಆದರೆ ನಿಧಾನ. ಇದು ಜನರಿಗೆ ಬೇಗ ಗೊತ್ತಾಗದ ಕಾಯಿಲೆ. "ಸುಡೋ ಎಥ್‌ಟೂಲ್" ಅಂತ ಹಾಕಿ ಪಕ್ಕದಲ್ಲಿ ಐಪಿ ಲಿಂಕ್‌ನಲ್ಲಿ ಕಂಡ ಕಾರ್ಡಿನ ಹೆಸರು ಕೊಡಿ. (ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಮಾಡು ಅಂತ.) ಸ್ಪೀಡ್ ಅನ್ನುವ ಸಾಲಿನಲ್ಲಿ 1000 ಇರಬೇಕಾದ ಕಡೆ 100 ಇದ್ದರೆ ವೈರಿನ ಮೇಲೆ ಅನುಮಾನ ಪಡಿ. ಒಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಇಲಿ ಒಂದು ಎಳೆ ಕಡಿದಿದ್ದರೂ, ವೈರಿನ ತುದಿಗೆ ಪಿನ್ ಹಾಕಿ ಕ್ರಿಂಪ್ ಮಾಡಿದವರು ಒಂದು ಎಳೆ ಸರಿಯಾಗಿ ಕೂರಿಸದಿದ್ದರೂ ಕಾರ್ಡ್ ಸದ್ದಿಲ್ಲದೆ 100ಕ್ಕೆ ಇಳಿದು ಕೂರಬಹುದು. ಆಫೀಸಿನಲ್ಲಿ ಆ ವೈರ್ ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹೋಗಿದ್ದರೆ ನೀವು ಎಳೆಯಲು ಹೋಗಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಲ್ಯಾನ್ ವೈರುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದಾಗ ಜುಂ ಅಂದರೂ ಅಷ್ಟೇ, ಅದು ಅರ್ಥಿಂಗ್ ವಿಚಾರ, ನೆಟ್‌ವರ್ಕ್ ವಿಚಾರವಲ್ಲ.

ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದು, ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಾಗ ಮಾತ್ರ ಕಾರ್ಡ್ ಸತ್ತಂತಿದ್ದರೆ ಅಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಾರ್ಡನ್ನು ಅರೆನಿದ್ದೆಯಲ್ಲಿ ಬಿಟ್ಟು ಹೋಗುತ್ತದೆ.

ವೈಫೈ ಗುರುತೇ ಕಾಣಲ್ಲ

ಲ್ಯಾಪ್‌ಟಾಪ್‌ನ ಏರೋಪ್ಲೇನ್ ಬಟನ್‌ಗೆ ಯಾರದೋ ಕೈ ತಗುಲಿ ವೈಫೈ ಆಫ್ ಆಗಿರಬಹುದು. "ಆರ್‌ಎಫ್‌ಕಿಲ್ ಲಿಸ್ಟ್" ಹೊಡೆಯಿರಿ. ಸಾಫ್ಟ್ ಬ್ಲಾಕ್ಡ್ ಎದುರು ಯೆಸ್ ಇದ್ದರೆ "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಸಾಕು. ಹಾರ್ಡ್ ಬ್ಲಾಕ್ಡ್ ಎದುರು ಯೆಸ್ ಇದ್ದರೆ ಯಾವ ಕಮಾಂಡಿನಿಂದಲೂ ಆಗಲ್ಲ, ಯಂತ್ರದ ಬದಿಯ ಸ್ವಿಚ್ಚನ್ನೋ ಬಯಾಸ್ (ಯಂತ್ರ ಆನ್ ಆಗುವಾಗ ತೆರೆಯುವ) ಸೆಟ್ಟಿಂಗನ್ನೋ ನೋಡಬೇಕು.

ಎರಡೂ ಕಡೆ ನೋ ಇದೆ, ಅಥವಾ ಪಟ್ಟಿಯಲ್ಲಿ ವೈಫೈ ಇಲ್ಲವೇ ಇಲ್ಲ ಅಂದರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಲ್ಲವೇ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಸಮಸ್ಯೆ. "ಎಲ್‌ಎಸ್‌ಪಿಸಿಐ -ಕೆ" ಹೊಡೆದು ನೆಟ್‌ವರ್ಕ್ ಕಂಟ್ರೋಲರ್ ಸಾಲಿನ ಕೆಳಗೆ ನೋಡಿ. "ಕರ್ನೆಲ್ ಡ್ರೈವರ್ ಇನ್ ಯೂಸ್" ಅಂತ ಇದ್ದರೆ ಡ್ರೈವರ್ ಸಿಕ್ಕಿದೆ. ಇಲ್ಲದಿದ್ದರೆ ಇಲ್ಲ. ಬ್ರಾಡ್‌ಕಾಮ್ ಚಿಪ್ ಇರುವ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಡೆಬಿಯನ್ ಲಿನಕ್ಸ್ ಹಾಕುವವರಾದರೆ 2023ರಲ್ಲಿ ಬಂದ 12ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. ಅಲ್ಲಿಂದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ, ಹಿಂದೆ ಬೇರೆ ಪೆನ್‌ಡ್ರೈವ್‌ನಲ್ಲಿ ಹೊತ್ತುಕೊಂಡು ಬರಬೇಕಿತ್ತು.

ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಈ ಗೋಳಿಗೆ ಮೊಬೈಲೇ ಮದ್ದು. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ಲ್ಯಾನ್ ವೈರ್ ಅಂತಲೇ ತಿಳಿದುಕೊಳ್ಳುತ್ತದೆ, ಏನೂ ಹಾಕಬೇಕಾಗಿಲ್ಲ. ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ತೆರೆದು ತೋರಿಸಿದ್ದನ್ನು ಹಾಕಿಕೊಳ್ಳಿ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ ಆದರೆ ಟೆದರಿಂಗ್ ಬಟನ್ ಮಂಕಾಗೇ ಇರುತ್ತದೆ, ಕೇಬಲ್ ಬದಲಿಸಿ.

ಡ್ರೈವರ್ ಹಾಕಿದರೂ ಎದ್ದೇಳದಿದ್ದರೆ, ಗುರುತಿಲ್ಲದ ಡ್ರೈವರನ್ನು ಓಡಲು ಬಿಡದ ಸೆಕ್ಯೂರ್ ಬೂಟ್ ತಡೆದಿರಬಹುದು. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಅದನ್ನೇ ಕೇಳುತ್ತದೆ. ಆ ಪರದೆ ನೋಡಿ ಹೆದರಿ ಎಂಟರ್ ಒತ್ತಿ ಮುಂದೆ ಹೋಗುವವರೇ ಜಾಸ್ತಿ. ಅಲ್ಲಿ "ಎನ್‌ರೋಲ್" ಆರಿಸಿ ಪಾಸ್‌ವರ್ಡ್ ಕೊಡಬೇಕು.

"ಕನೆಕ್ಟೆಡ್" ಅನ್ನುತ್ತೆ, ಆದರೆ ಏನೂ ತೆರೆಯಲ್ಲ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. "ಐಪಿ ಎ" ಹೊಡೆಯಿರಿ. ಎಲ್‌ಓ ಅನ್ನೋದನ್ನು ಬಿಡಿ, ಅದು ಯಂತ್ರ ತನ್ನ ಜೊತೆಗೇ ಮಾತಾಡಿಕೊಳ್ಳುವ ದಾರಿ. ಇಎನ್ ಅಂತ ಶುರುವಾದರೆ ವೈರು, ಡಬ್ಲ್ಯುಎಲ್ ಅಂತ ಶುರುವಾದರೆ ವೈಫೈ. ಅದರ ಕೆಳಗೆ "ಐನೆಟ್" ಸಾಲಿನಲ್ಲಿ 192.168 ಅಥವಾ 10ರಿಂದ ಶುರುವಾಗುವ ವಿಳಾಸ ಇದೆಯಾ? ಆ ಸಾಲೇ ಇಲ್ಲದಿದ್ದರೆ, ಅಥವಾ 169.254 ಅಂತ ಶುರುವಾಗಿದ್ದರೆ, ಯಂತ್ರ "ನನಗೊಂದು ವಿಳಾಸ ಕೊಡಿ" ಅಂತ ಕೂಗಿದೆ, ರೂಟರ್ ಉತ್ತರ ಕೊಟ್ಟಿಲ್ಲ. ರೂಟರ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿ. ಆಗಲೂ ಇಲ್ಲವಾದರೆ ವೈರ್ ಮತ್ತು ಪೋರ್ಟ್ ಇನ್ನೊಮ್ಮೆ ನೋಡಿ.

ವಿಳಾಸ ಇದೆ. ಹಾಗಾದರೆ "ಐಪಿ ರೂಟ್" (ಸ್ಪೆಲಿಂಗ್ ಆರ್-ಓ-ಯು-ಟಿ-ಇ) ಹೊಡೆಯಿರಿ. "ಡೀಫಾಲ್ಟ್ ವಯಾ" ಅನ್ನುವುದರ ಮುಂದಿನ ಸಂಖ್ಯೆ ನಿಮ್ಮ ರೂಟರ್. ಅದಕ್ಕೆ ಪಿಂಗ್ ಮಾಡಿ, ಅಂದರೆ "ಪಿಂಗ್" ಅಂತ ಹಾಕಿ ಪಕ್ಕದಲ್ಲಿ ಆ ಸಂಖ್ಯೆ ಕೊಟ್ಟು "ಇದ್ದೀಯಾ" ಅಂತ ಕೇಳಿ. (ಪಿಂಗ್ ತಾನಾಗಿ ನಿಲ್ಲಲ್ಲ, ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ.) ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿ ಇದೆ. ಆಮೇಲೆ ಹೊರಗಿನ ಇಂಟರ್ನೆಟ್‌ನ ಒಂದು ವಿಳಾಸವಾದ 1.1.1.1ಗೆ ಪಿಂಗ್ ಮಾಡಿ. ರೂಟರ್ ಉತ್ತರ ಕೊಟ್ಟು ಇದು ಕೊಡದಿದ್ದರೆ ತೊಂದರೆ ರೂಟರ್‌ನಿಂದ ಆಚೆ.

ಎರಡೂ ಉತ್ತರ ಕೊಟ್ಟು, ಹೆಸರು ಹಾಕಿದರೆ ಮಾತ್ರ ತೆರೆಯದಿದ್ದರೆ ಅದು ಡಿಎನ್‌ಎಸ್. ಹೆಸರನ್ನು ಸಂಖ್ಯೆಗೆ ತಿರುಗಿಸುವವನು ಊರಲ್ಲಿಲ್ಲ ಅಂತ. "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ಹೊಡೆದರೆ ಯಾರನ್ನು ಕೇಳುತ್ತಿದೆ ಅಂತ ತಿಳಿಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು: ಇಟಿಸಿ ಫೋಲ್ಡರಿನ ರಿಸಾಲ್ವ್.ಕಾನ್ಫ್ ಫೈಲ್ ತೆರೆದು, 127.0.0.53 ಅಂತ ಇರುವುದನ್ನು ಅಳಿಸಿ 8.8.8.8 (ಗೂಗಲ್‌ನ ಡಿಎನ್‌ಎಸ್) ಬರೆಯೋದು. ಆ ಕ್ಷಣಕ್ಕೆ ನೆಟ್ ಬರುತ್ತದೆ, ಕೈ ತಟ್ಟುತ್ತೀರಿ, ಮರುದಿನ ಆ ಫೈಲ್ ಮತ್ತೆ ಮೊದಲಿನಂತೆ ಆಗಿರುತ್ತದೆ. 127.0.0.53 ಅನ್ನೋದು ತಪ್ಪಲ್ಲ, ಯಂತ್ರದೊಳಗಿನ ಮಧ್ಯವರ್ತಿ ಅಷ್ಟೇ. ಬದಲಿಸಬೇಕಾದದ್ದು ವೈಫೈ ಅಥವಾ ವೈರಿನ ಸೆಟ್ಟಿಂಗಿನ ಐಪಿವಿ4 ಪುಟದಲ್ಲಿ. ಆಫೀಸಿನಲ್ಲಾದರೆ ಅದನ್ನೂ ಕೇಳದೆ ಮಾಡಬೇಡಿ. ಅಲ್ಲಿನ ಸರ್ವರ್, ಪ್ರಿಂಟರ್ ಹೆಸರುಗಳು ಆಫೀಸಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತವೆ, ಹೊರಗಿನವನನ್ನು ಕೇಳಿದರೆ ಅವನಿಗೇನು ಗೊತ್ತು?

ಐಪಿ ರೂಟ್‌ನಲ್ಲಿ ಎರಡು ಡೀಫಾಲ್ಟ್ ಸಾಲು ಕಂಡರೆ ಅದೊಂದು ಬೇರೆ ಕಥೆ. ಆಫೀಸಿನ ವೈರಿನಲ್ಲಿ ಸರ್ವರ್ ಮಾತ್ರ ಸಿಗುತ್ತೆ, ಇಂಟರ್ನೆಟ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡಿದ್ದೀರಿ ಅಂದುಕೊಳ್ಳಿ. ಲಿನಕ್ಸ್ ಆ ಸಾಲುಗಳ ಮೆಟ್ರಿಕ್ ಅನ್ನೋ ಸಂಖ್ಯೆ ನೋಡುತ್ತದೆ, ಚಿಕ್ಕ ಸಂಖ್ಯೆಗೆ ಮೊದಲ ಮಣೆ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಮಾಮೂಲಿಯಾಗಿ ವೈರಿಗೆ 100, ವೈಫೈಗೆ 600 ಕೊಡುತ್ತದೆ. ಹಾಗಾಗಿ ಎಲ್ಲವೂ ಇಂಟರ್ನೆಟ್ಟೇ ಇಲ್ಲದ ವೈರಿನ ಕಡೆ ಹೋಗಿ ಸಾಯುತ್ತದೆ. ವೈರಿನ ಸೆಟ್ಟಿಂಗಿನಲ್ಲಿ ಐಪಿವಿ4 ಪುಟದ ಕೊನೆಯಲ್ಲಿ "ಈ ಸಂಪರ್ಕವನ್ನು ಇದರ ನೆಟ್‌ವರ್ಕ್‌ಗೆ ಮಾತ್ರ ಬಳಸು" ಅನ್ನುವ ಅರ್ಥದ ಚೌಕ ಇದೆ, ಅದಕ್ಕೆ ಟಿಕ್ ಹಾಕಿ, ಸಂಪರ್ಕ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಆಫೀಸಿನಲ್ಲಿ ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ

ಇದರಲ್ಲಿ ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಒಂದು ಆಡಿಟರ್ ಆಫೀಸು, ಹನ್ನೆರಡು ಕಂಪ್ಯೂಟರ್, ಮಾರ್ಚ್ ಕೊನೇ ವಾರ. ಅಲ್ಲಿನ ಮೇಡಂ ಒಬ್ಬರು ಹೇಳಿದ ಮಾತಲ್ಲೇ ಉತ್ತರ ಇತ್ತು: "ಬೆಳಿಗ್ಗೆ ಆನ್ ಮಾಡಿದ್ದೆಲ್ಲ ಸರಿ ಇದೆ ಸರ್, ಊಟ ಮಾಡಿ ಬಂದು ಆನ್ ಮಾಡಿದ್ದು ಮಾತ್ರ ಸತ್ತಿದೆ." ನನಗದು ಆಗ ಹೊಳೆಯಲಿಲ್ಲ. ಒಂದು ಗಂಟೆ ವೈರುಗಳನ್ನೇ ಬದಲಿಸುತ್ತಾ ಕೂತಿದ್ದೆ.

ಕೊನೆಗೆ ಚೆನ್ನಾಗಿರುವ ಒಂದು ಯಂತ್ರ, ಸತ್ತಿರುವ ಒಂದು ಯಂತ್ರ, ಎರಡರಲ್ಲೂ ಐಪಿ ರೂಟ್ ಹೊಡೆದೆ. ಒಂದು 192.168.1.1 ಅಂದಿತು, ಇನ್ನೊಂದು 192.168.0.1 ಅಂದಿತು. ಅಂದರೆ ಆಫೀಸಿನಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆ! ಹೊಸದಾಗಿ ಆನ್ ಆದ ಯಂತ್ರ ಯಾರು ಮೊದಲು ಉತ್ತರ ಕೊಟ್ಟರೋ ಅವರ ಕೈಯಿಂದ ವಿಳಾಸ ತಗೊಂಡಿದೆ. ಸತ್ತ ಯಂತ್ರದ ಬ್ರೌಸರ್‌ನಲ್ಲಿ 192.168.0.1 ಹಾಕಿದೆ, ಮನೆಗೆ ಬಳಸುವ ಅಗ್ಗದ ರೂಟರೊಂದರ ಲಾಗಿನ್ ಪುಟ ಬಂತು. "ಐಪಿ ನೇ" (ಸ್ಪೆಲಿಂಗ್ ಎನ್-ಇ-ಐ-ಜಿ-ಎಚ್) ಹೊಡೆದು ಅದರ ಮ್ಯಾಕ್ ವಿಳಾಸ (ತಯಾರಿಸಿದ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಚೀಟಿಯಲ್ಲಿ ಬರೆದುಕೊಂಡು ರೂಮು ರೂಮು ಹುಡುಕಿದೆ. ಮೀಟಿಂಗ್ ರೂಮಿನ ಪರದೆ ಹಿಂದೆ ಸಿಕ್ಕಿತು, ತಳದ ಸ್ಟಿಕ್ಕರಿನಲ್ಲಿ ಅದೇ ಸಂಖ್ಯೆ. ಅಲ್ಲಿ ವೈಫೈ ಸಿಗಲ್ಲ ಅಂತ ಯಾರೋ ಮಧ್ಯಾಹ್ನ ಮನೆಯ ಹಳೇ ರೂಟರ್ ತಂದು ಲ್ಯಾನ್ ಪೋರ್ಟಿಗೆ ವೈರ್ ಚುಚ್ಚಿದ್ದರು, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿರಲಿಲ್ಲ. ಆಫ್ ಮಾಡಿದೆ, ಸತ್ತ ಯಂತ್ರಗಳಲ್ಲಿ ವೈರ್ ಒಮ್ಮೆ ಕಿತ್ತು ಹಾಕಿದೆ, ಎಲ್ಲ ಎದ್ದು ಕೂತವು.

ಒಂದೇ ಯಂತ್ರ ಆಗಾಗ ಹೋಗಿ ಬಂದು ಮಾಡುತ್ತಿದ್ದರೆ ಅದರ ವಿಳಾಸವನ್ನೇ ಇನ್ನೊಬ್ಬರೂ ಇಟ್ಟುಕೊಂಡಿರಬಹುದು. ಸಾಮಾನ್ಯವಾಗಿ ಕೈಯಿಂದ ವಿಳಾಸ ಕೊಟ್ಟ ಪ್ರಿಂಟರ್. ಕೈಯಿಂದ ಕೊಡುವ ವಿಳಾಸ ಯಾವಾಗಲೂ ರೂಟರ್ ಹಂಚುವ ಸಾಲಿನಿಂದ ಹೊರಗಿರಲಿ.

ಇನ್ನು ಎಲ್ಲರಿಗೂ ಒಟ್ಟಿಗೇ ಹೋಗಿ, ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಂದೇ ತಾಳದಲ್ಲಿ ಮಿಂಚುತ್ತಿದ್ದರೆ ಯಾರೋ ಒಂದೇ ವೈರಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚಿದ್ದಾರೆ. ಗುಡಿಸಿ ಒರೆಸುವ ಹೊತ್ತಲ್ಲಿ ನೇತಾಡುತ್ತಿದ್ದ ವೈರು ಕಂಡು ಪಾಪ ಒಳ್ಳೇ ಮನಸ್ಸಿನಿಂದಲೇ ಹಾಕಿರುತ್ತಾರೆ. ದೊಡ್ಡ ಆಫೀಸಾಗಿದ್ದರೆ ಇಲ್ಲಿಗೆ ನಿಲ್ಲಿಸಿ ಐಟಿಯವರನ್ನು ಕರೆಯಿರಿ. ಬೇರೆಯವರ ಸ್ವಿಚ್ಚಿನಿಂದ ವೈರ್ ಕಿತ್ತು ಪರೀಕ್ಷೆ ಮಾಡೋದು ಬೇಡ.

ಕೆಲವು ಸೈಟ್ ಮಾತ್ರ ತೆರೆಯಲ್ಲ

ಗಡಿಯಾರ ನೋಡಿ. ತಮಾಷೆಯಲ್ಲ. ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದ್ದರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ, ಆಗ ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಅಂತ ಬ್ಯಾಂಕ್ ಸೈಟುಗಳನ್ನೆಲ್ಲ ತಡೆಯುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬೇಡಿ, ಸಮಯ ಸರಿ ಮಾಡಿ. ಸೆಲ್ ಬದಲಿಸುವಾಗ ಪ್ಲಗ್ ಕಿತ್ತಿರಲಿ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹಳೇ ಸೆಲ್ ಕೈಗೆ ಸಿಗದ ಹಾಗೆ ಎಸೆಯಿರಿ, ನುಂಗಿದರೆ ತುಂಬಾ ಅಪಾಯ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಮ್ಮಿ ಇದ್ದರೆ ಸೆಲ್ ತಪ್ಪಲ್ಲ. ವಿಂಡೋಸ್ ಮದರ್‌ಬೋರ್ಡ್ ಗಡಿಯಾರವನ್ನು ನಮ್ಮ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂದುಕೊಳ್ಳುತ್ತದೆ. ಎರಡೂ ಒಂದೇ ಯಂತ್ರದಲ್ಲಿದ್ದರೆ ಈ ಜಗಳ ಇದ್ದದ್ದೇ.

ಸಮಯ ಸರಿ ಇದೆ, ಆದರೂ ಕೆಲವು ಪುಟ ಅರ್ಧ ತೆರೆದು ತಿರುಗುತ್ತಲೇ ಇದ್ದರೆ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಕಟ್ಟಿನ ಗಾತ್ರದ ಮಿತಿ, ನೋಡಿ. "ಪಿಂಗ್ -ಎಂ ಡೂ -ಎಸ್ 1472 1.1.1.1" ಹೊಡೆಯಿರಿ, ಇಲ್ಲಿ ಎಂ ಮಾತ್ರ ದೊಡ್ಡಕ್ಷರ, ಡೂ ಅಂದರೆ ಡಿ-ಓ. ಉತ್ತರ ಬರದೆ, 1472ರ ಜಾಗದಲ್ಲಿ 1464 ಹಾಕಿದಾಗ ಬಂದರೆ ನಿಮ್ಮದು ಬಹುಶಃ ಪಿಪಿಪಿಓಇ (ರೂಟರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆಯ) ಸಂಪರ್ಕ, ಅದರ ಮಿತಿ 1492. (ಪಿಂಗ್ ತನ್ನದೊಂದು 28 ಬೈಟ್ ಸೇರಿಸಿಕೊಳ್ಳುತ್ತದೆ.) ಸೆಟ್ಟಿಂಗಿನಲ್ಲಿ ಎಂಟಿಯು 1492 ಅಂತ ಕೊಟ್ಟು ನೋಡಿ.

ಕಾಲೇಜಿನಲ್ಲೋ ಆಫೀಸಿನಲ್ಲೋ ಹಾಕಿದ ಪ್ರಾಕ್ಸಿ (ನೆಟ್‌ಗೆ ಮಧ್ಯವರ್ತಿ ಮೂಲಕ ಹೋಗುವ ಸೆಟ್ಟಿಂಗ್) ಮನೆಗೆ ಬಂದ ಮೇಲೂ ಉಳಿದಿರುತ್ತದೆ, ಅದನ್ನೂ ಒಮ್ಮೆ ನೋಡಿ.

ವೈಫೈ ಆಗಾಗ ಕಡಿದು ಹೋಗುತ್ತೆ

ರೂಟರ್ ಪಕ್ಕದಲ್ಲೇ ಕೂತು ನೋಡಿ. ಅಲ್ಲಿ ಸರಿ ಇದ್ದರೆ ಗೋಡೆ ಮತ್ತು ದೂರದ ಸಮಸ್ಯೆ, 5 ಗಿಗಾಹರ್ಟ್ಜ್ ಬಿಟ್ಟು 2.4ಕ್ಕೆ ಬನ್ನಿ. ಪಕ್ಕದಲ್ಲೂ ಹೋಗುತ್ತಿದ್ದರೆ ಕಾರ್ಡಿನ ಪವರ್ ಸೇವ್ ಆಫ್ ಮಾಡಿ: "ಸುಡೋ ಐಡಬ್ಲ್ಯು ಡೆವ್", ಆಮೇಲೆ ಕಾರ್ಡಿನ ಹೆಸರು, ಆಮೇಲೆ "ಸೆಟ್ ಪವರ್_ಸೇವ್ ಆಫ್". ರೀಸ್ಟಾರ್ಟ್ ಮಾಡಿದರೆ ಇದು ಹೋಗುತ್ತದೆ, ಅದೇ ಒಳ್ಳೇದು. ಒಂದು ದಿನ ನೋಡಿ ಗುಣ ಕಂಡರೆ ಮಾತ್ರ ನೆಟ್‌ವರ್ಕ್‌ಮ್ಯಾನೇಜರ್ ಸೆಟ್ಟಿಂಗಿನಲ್ಲಿ ಕಾಯಂ ಮಾಡಿ.

ನಿನ್ನೆ ಸರಿ ಇತ್ತು, ಹೊಸ ಕಾರ್ಡ್ ಹಾಕಿದ ಮೇಲೆ ಹೋಯಿತು

ಇಎನ್‌ಪಿ3ಎಸ್0 ಅನ್ನುವ ಕಾರ್ಡಿನ ಹೆಸರಿನಲ್ಲಿರುವ 3 ಅನ್ನೋದು ಅದು ಕೂತಿರುವ ಪಿಸಿಐ ಬಸ್‌ನ (ಬೋರ್ಡ್ ಮೇಲಿನ ದಾರಿಯ) ಸಂಖ್ಯೆ. ಗ್ರಾಫಿಕ್ಸ್ ಕಾರ್ಡೋ ಎಸ್‌ಎಸ್‌ಡಿಯೋ ಹೊಸದಾಗಿ ಕೂರಿಸಿದರೆ ಎಣಿಕೆ ಬದಲಾಗಿ ಅದು 4 ಆಗಬಹುದು. ನಿಮ್ಮ ನೆಟ್‌ವರ್ಕ್ ಸೆಟ್ಟಿಂಗಿನ ಫೈಲ್‌ನಲ್ಲಿ ಹಳೇ ಹೆಸರೇ ಇರುತ್ತದೆ, ಆ ಹೆಸರಿನವರು ಈಗ ಯಾರೂ ಇಲ್ಲ. ಉಬುಂಟು ಸರ್ವರ್ ಆದರೆ ಇಟಿಸಿ ಒಳಗಿನ ನೆಟ್‌ಪ್ಲಾನ್ ಫೋಲ್ಡರಿನಲ್ಲಿ ಹೆಸರು ಬದಲಿಸಿ. ಆ ಫೈಲ್‌ನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಆಮೇಲೆ "ನೆಟ್‌ಪ್ಲಾನ್ ಅಪ್ಲೈ" ಬದಲು "ನೆಟ್‌ಪ್ಲಾನ್ ಟ್ರೈ" ಹೊಡೆಯಿರಿ. 120 ಸೆಕೆಂಡಿನೊಳಗೆ ನೀವು ಎಂಟರ್ ಒತ್ತದಿದ್ದರೆ ಹಳೇ ಸೆಟ್ಟಿಂಗ್‌ಗೆ ವಾಪಸ್ ಹೋಗುತ್ತದೆ. ಮನೆಯಲ್ಲಿ ಕೂತು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಟರ್ಮಿನಲ್ ತೆರೆಯುವ ದಾರಿಯಲ್ಲಿ) ಆಫೀಸಿನ ಸರ್ವರ್ ರಿಪೇರಿ ಮಾಡುವಾಗ ಈ 120 ಸೆಕೆಂಡ್ ಇಲ್ಲದಿದ್ದರೆ, ಕೂತ ಕೊಂಬೆ ಕಡಿದುಕೊಂಡು ರಾತ್ರಿ ಹನ್ನೊಂದಕ್ಕೆ ಸ್ಕೂಟರ್ ಹತ್ತಬೇಕಾಗುತ್ತದೆ. ನಾನು ಹತ್ತಿದ್ದೇನೆ.

ಯಾರನ್ನಾದರೂ ಕೇಳುವಾಗ

ಇಷ್ಟೆಲ್ಲ ಆದ ಮೇಲೂ ಬರದಿದ್ದರೆ ಗೊತ್ತಿರುವವರನ್ನು ಕೇಳಿ. "ನೆಟ್ ಬರ್ತಿಲ್ಲ" ಅಂತಷ್ಟೇ ಹೇಳಿದರೆ ಅವರೂ ಮೊದಲಿನಿಂದ ಶುರು ಮಾಡಬೇಕು. ಐಪಿ ಎ, ಐಪಿ ರೂಟ್, ಎಲ್‌ಎಸ್‌ಪಿಸಿಐ -ಕೆ ಮೂರರ ಉತ್ತರ ಕೊಡಿ. ಅದರ ಜೊತೆ "ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್" ಹೊಡೆದು ಕೊನೆಯ ಐವತ್ತು ಸಾಲು ಕೊಡಿ, ಇಲ್ಲಿ ನೆಟ್‌ವರ್ಕ್‌ನ ಎನ್ ಮತ್ತು ಮ್ಯಾನೇಜರ್‌ನ ಎಂ ದೊಡ್ಡಕ್ಷರ. ಎಲ್ಲಿಯವರೆಗೆ ಪಿಂಗ್ ಹೋಯಿತು, ಏನೇನು ಬದಲಿಸಿದಿರಿ ಅಂತಲೂ ಬರೆಯಿರಿ, ನಾಚಿಕೆ ಬೇಡ. ಮ್ಯಾಕ್ ವಿಳಾಸ, ವೈಫೈ ಹೆಸರು ಅಳಿಸಿ ಕಳಿಸಿ, ಪಾಸ್‌ವರ್ಡ್ ಮಾತ್ರ ಯಾರು ಕೇಳಿದರೂ ಕೊಡಬೇಡಿ. ಇದೆಲ್ಲವನ್ನೂ ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದು ಕಳಿಸುವುದಾದರೆ ದಯವಿಟ್ಟು ಟ್ಯೂಬ್‌ಲೈಟ್ ಪ್ರತಿಬಿಂಬ ಬೀಳದ ಹಾಗೆ ತೆಗೆಯಿರಿ.